ಮೇಣ ಹಚ್ಚುವ ಮುನ್ನ: ಹೊಸ ಕಾರಿನ ಬಣ್ಣವನ್ನು ಅಣಿಗೊಳಿಸುವ ಬಗೆ

ಕಾರಿನ ಮೈಗೆ ಹಚ್ಚುವ ಮೇಣ ತನ್ನ ಕೆಳಗೆ ಏನಿದೆಯೋ ಅದನ್ನು ಮುಚ್ಚಿ ಕಾಯುತ್ತದೆ. ಕೆಳಗಿರುವುದು ಶುಭ್ರವಾದ ಬಣ್ಣವಾಗಿದ್ದರೆ ಬಣ್ಣವನ್ನು ಕಾಯುತ್ತದೆ. ಧೂಳು, ಡಾಂಬರು, ಕಬ್ಬಿಣದ ಕಣಗಳಾಗಿದ್ದರೆ ಅವುಗಳನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಆದ್ದರಿಂದ ಕೈಯಿಂದ ಮೇಣ ಹಚ್ಚುವವರ ಶ್ರಮದಲ್ಲಿ ಹೆಚ್ಚಿನ ಪಾಲು ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಸಂದಿರಬೇಕು. ಕೊಂಡು ಒಂದೆರಡು ವರ್ಷವಷ್ಟೇ ಆದ ಕಾರಿನ ಬಣ್ಣವನ್ನು ಮೇಣಕ್ಕೆ ಅಣಿಗೊಳಿಸುವ ಕ್ರಮವನ್ನೂ, ಆ ಕ್ರಮದಲ್ಲಿ ಎಲ್ಲಿ ಕೈ ನಿಲ್ಲಿಸಬೇಕೆಂಬುದನ್ನೂ ಈ ಲೇಖನದಲ್ಲಿ ವಿವರಿಸಿದ್ದೇನೆ.

ಈ ವಿಷಯದತ್ತ ನಾನು ಬಂದದ್ದು ಒಂದು ತಪ್ಪಿನಿಂದ. ಇಲ್ಲಿ ಮಿಶಿಗನ್‌ನಲ್ಲಿ ಕಡುನೀಲಿ ಬಣ್ಣದ ಹೊಸ ಕಾರು ಕೊಂಡ ವಾರವೇ ದೇವಸ್ಥಾನದಲ್ಲಿ ವಾಹನ ಪೂಜೆ ಮಾಡಿಸಿದೆವು. ಬಾನೆಟ್ಟಿನ ಮೇಲೆ ಅರಿಶಿನದ ಸ್ವಸ್ತಿಕ, ಅದರ ಮೇಲೆ ಕುಂಕುಮ, ಅಕ್ಷತೆ, ಹೂವು; ಚಕ್ರಗಳ ಕೆಳಗೆ ನಿಂಬೆಹಣ್ಣು. ಎರಡು ದಿನ ಹಾಗೆಯೇ ಓಡಾಡಿ, ಮೂರನೆಯ ದಿನ ಒಣ ಟವೆಲಿನಿಂದ ಬಾನೆಟ್ಟನ್ನು ಒರೆಸಿದೆ. ಕುಂಕುಮವೇನೋ ಹೋಯಿತು. ಆದರೆ ಸಂಜೆಯ ಓರೆಬಿಸಿಲಿನಲ್ಲಿ ನೋಡಿದಾಗ ಕೈಯಾಡಿದ ಉದ್ದಕ್ಕೂ ನವಿರಾದ ಗೆರೆಗಳು ಬೀಸಣಿಗೆಯಂತೆ ಹರಡಿದ್ದವು. ಕುಂಕುಮದ ಪುಡಿ ಬಣ್ಣವನ್ನು ಗೀರುವಷ್ಟು ಗಟ್ಟಿಯಲ್ಲ; ಗೀರಿದ್ದು ಎರಡು ದಿನಗಳಲ್ಲಿ ಅದರೊಡನೆ ಬೆರೆತ ರಸ್ತೆಯ ಧೂಳು, ಒತ್ತಿದ್ದು ನನ್ನ ಕೈ. ಗೆರೆಗಳನ್ನು ಮರೆಮಾಡಲು ಅವಸರದಲ್ಲಿ ಮೇಣ ಹಚ್ಚಿದೆ. ಎರಡು ಸಲ ತೊಳೆಯುವವರೆಗೆ ಅವು ಕಾಣಲಿಲ್ಲ. ಮೂರನೆಯ ಸಲ ಇದ್ದ ಹಾಗೆಯೇ ಮರಳಿದವು. ಹೊಸ ಕಾರಿನ ಬಣ್ಣಕ್ಕೆ ಮೊದಲ ಗೀರುಗಳನ್ನು ಎಳೆಯುವವರು ಬಹುಮಟ್ಟಿಗೆ ಅದನ್ನು ಅಕ್ಕರೆಯಿಂದ ನೋಡಿಕೊಳ್ಳುವವರೇ ಎಂಬುದು ಆಗ ತಿಳಿಯಿತು.

ಬಣ್ಣದ ಪದರಗಳು

ಇಂದಿನ ಕಾರ್ಖಾನೆಗಳಲ್ಲಿ ಕಾರಿನ ಲೋಹದ ಮೈಯನ್ನು ಮೊದಲು ಫಾಸ್ಫೇಟ್ ಮುಂತಾದ ರಾಸಾಯನಿಕಗಳಿಂದ ಸಂಸ್ಕರಿಸಿ, ಬಳಿಕ ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ತುಕ್ಕು ತಡೆಯುವ ಪದರವೊಂದನ್ನು ಕೂರಿಸುತ್ತಾರೆ. ಅದರ ದಪ್ಪ ಸುಮಾರು 20 ಮೈಕ್ರಾನ್. ಅದರ ಮೇಲೆ ಸಾಮಾನ್ಯವಾಗಿ 30ರಿಂದ 40 ಮೈಕ್ರಾನ್ ದಪ್ಪದ ಪ್ರೈಮರ್; ಅದರ ಮೇಲೆ 10ರಿಂದ 20 ಮೈಕ್ರಾನ್ ದಪ್ಪದ ಬಣ್ಣ. ನಾವು ಕೆಂಪು, ನೀಲಿ ಎಂದು ಗುರುತಿಸುವುದು ಈ ಕೊನೆಯ ಪದರವನ್ನು. ಎಲ್ಲಕ್ಕೂ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಹೆಚ್ಚಿನ ಕಾರುಗಳಲ್ಲಿ ಇದು 35ರಿಂದ 50 ಮೈಕ್ರಾನ್ ಇರುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಕಚೇರಿಯ ಪ್ರಿಂಟರಿಗೆ ಹಾಕುವ ಕಾಗದದ ಹಾಳೆ ಸುಮಾರು 100 ಮೈಕ್ರಾನ್ ದಪ್ಪವಿರುತ್ತದೆ ಎಂಬುದನ್ನು ನೆನೆದರೆ ಕ್ಲಿಯರ್ ಕೋಟ್ ಎಷ್ಟು ತೆಳುವಾದದ್ದೆಂಬುದು ಮನದಟ್ಟಾಗುತ್ತದೆ.

ಕಾರಿನ ಹೊಳಪೆಲ್ಲವೂ ಈ ಪದರದ್ದು. ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿ ಕೆಳಗಿನ ಬಣ್ಣವನ್ನು ಕಾಪಾಡುವ ದ್ರವ್ಯಗಳು ಇರುವುದೂ ಇದರಲ್ಲೇ. ಒಮ್ಮೆ ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಆ ಭಾಗಕ್ಕೆ ಹೊಸದಾಗಿ ಬಣ್ಣ ಹೊಡೆಸುವುದೊಂದೇ ಉಳಿಯುವ ದಾರಿ. ಕ್ಲಿಯರ್ ಕೋಟ್ ಎಂಬುದು ಖರ್ಚು ಮಾಡಬಹುದಾದ, ಆದರೆ ಮತ್ತೆ ತುಂಬಲಾಗದ ಇಡುಗಂಟು. ಹೊಸ ಕಾರಿನಲ್ಲಿ ಅದು ಬಹುಪಾಲು ಇಡಿಯಾಗಿದೆ. ಅದನ್ನು ಆದಷ್ಟು ಮುಟ್ಟದೆ, ಅದರ ಮೇಲೆ ಅಂಟಿದ ಹೊರಗಿನ ವಸ್ತುವನ್ನು ಮಾತ್ರ ತೆಗೆಯುವುದೇ ಮೇಣಕ್ಕೆ ಮೊದಲಿನ ಸಿದ್ಧತೆಯ ಗುರಿ.

ಹೊಸ ಕಾರಿನ ಬಣ್ಣ ಒಣಗಲು ತಿಂಗಳುಗಟ್ಟಲೆ ಕಾಯಬೇಕೆಂಬ ಮಾತು ಈಗಲೂ ಕೇಳಿಬರುತ್ತದೆ. ಕಾರ್ಖಾನೆಯಲ್ಲಿ ಬಣ್ಣ ಬಳಿದ ಮೈಯನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ಹದಗೊಳಿಸಿರುತ್ತಾರೆ. ಹಾಗಾಗಿ ಅದು ನಮ್ಮ ಕೈಸೇರುವ ಮೊದಲೇ ಗಟ್ಟಿಯಾಗಿರುತ್ತದೆ. ಆದರೆ ಸಾಗಣೆಯಲ್ಲಿ ಪೆಟ್ಟು ಬಿದ್ದು ರಿಪೇರಿಯಾದ ಭಾಗಗಳ ಮಾತು ಬೇರೆ. ಆಗಲೇ ಜೋಡಣೆಗೊಂಡ ಕಾರನ್ನು ಅಷ್ಟು ಶಾಖಕ್ಕೆ ಒಡ್ಡಲಾಗದ ಕಾರಣ ಅಲ್ಲಿನ ಬಣ್ಣ ನಿಧಾನವಾಗಿ ಹದಕ್ಕೆ ಬರುತ್ತದೆ. ಅಂಥ ಭಾಗಕ್ಕೆ ಮೇಣ ಹಚ್ಚಲು 30ರಿಂದ 90 ದಿನ ಕಾಯುವುದು ವಾಡಿಕೆ; ಬಣ್ಣ ಹೊಡೆದವರನ್ನೇ ಕೇಳುವುದು ಉತ್ತಮ.

ಇನ್ನು ಮೂರು ಬಗೆಯ ಕಾರುಗಳಿಗೆ ಈ ಲೇಖನದ ಕ್ರಮ ಹೊಂದುವುದಿಲ್ಲ. ಹೊಳಪಿಲ್ಲದ ಮ್ಯಾಟ್ ಬಣ್ಣಕ್ಕೆ ಕ್ಲೇ, ಪಾಲಿಶ್, ಮೇಣ ಮೂರೂ ವರ್ಜ್ಯ. ಉಜ್ಜಿದ ಜಾಗ ಮಾತ್ರ ಹೊಳೆಯತೊಡಗಿ ಕಲೆಯಾಗಿ ಉಳಿಯುತ್ತದೆ. ಮಾರಾಟಗಾರರು ಸೆರಾಮಿಕ್ ಲೇಪನ ಮಾಡಿಸಿದ್ದರೆ, ಅಥವಾ ಬಣ್ಣ ಕಾಯುವ ಪಾರದರ್ಶಕ ಫಿಲಂ ಅಂಟಿಸಿದ್ದರೆ, ಅದರ ಆರೈಕೆಯ ನಿಯಮವನ್ನು ಓದಿಕೊಂಡೇ ಮುಂದುವರಿಯಬೇಕು.

ಹೊಸ ಕಾರಿಗೆ ಕೊಳೆ ಎಲ್ಲಿಂದ?

ಮೀಟರಿನಲ್ಲಿ ಹತ್ತೇ ಮೈಲಿ ತೋರಿಸುವ ಕಾರು ಕೂಡ ಸಾಕಷ್ಟು ಪ್ರಯಾಣ ಮಾಡಿರುತ್ತದೆ. ಅಮೆರಿಕದಲ್ಲಿ ಹೊಸ ಕಾರುಗಳಲ್ಲಿ ಬಹಳಷ್ಟು ದೂರದ ಹಾದಿಯನ್ನು ರೈಲಿನಲ್ಲಿ ಸಾಗುತ್ತವೆ. ಹೊರದೇಶದವು ಹಡಗಿನಲ್ಲಿ ಬರುತ್ತವೆ. ರೈಲಿನ ಚಕ್ರ, ಹಳಿ, ಬ್ರೇಕುಗಳ ತಿಕ್ಕಾಟದಿಂದ ಸಿಡಿಯುವ ಕಬ್ಬಿಣದ ಸೂಕ್ಷ್ಮ ಕಣಗಳು ಬಣ್ಣದ ಮೇಲೆ ಕೂತು ಕಚ್ಚಿಕೊಳ್ಳುತ್ತವೆ. ತೇವಾಂಶ ತಗುಲಿದಾಗ ಅವು ತುಕ್ಕು ಹಿಡಿದು ಕಿತ್ತಳೆ ಬಣ್ಣದ ಚುಕ್ಕೆಗಳಾಗುತ್ತವೆ. ಬಿಳಿ ಕಾರಿನಲ್ಲಿ ಇವು ಕಣ್ಣಿಗೆ ಬೀಳುತ್ತವೆ. ಕಪ್ಪು ಕಾರಿನಲ್ಲಿ ಇದ್ದರೂ ಕಾಣವು. ಸಾಗಣೆಯಲ್ಲಿ ಬಾನೆಟ್ಟು, ಚಾವಣಿಗಳಿಗೆ ಅಂಟಿಸಿದ್ದ ಬಿಳಿ ಫಿಲಮ್ಮಿನ ಅಂಟು ಅಂಚುಗಳಲ್ಲಿ ಉಳಿದಿರಬಹುದು. ಮಾರಾಟದ ಅಂಗಳದಲ್ಲಿ ನಿಂತ ದಿನಗಳಲ್ಲಿ ಹಕ್ಕಿಯ ಹಿಕ್ಕೆ, ಮರದ ಅಂಟು, ಹುಲ್ಲಿಗೆ ಸಿಂಪಡಿಸಿದ ಗಡಸುನೀರಿನ ಹನಿಗಳು ಬಿದ್ದಿರಬಹುದು. ನಂತರದ ತಿಂಗಳುಗಳಲ್ಲಿ ನಮ್ಮದೇ ಬ್ರೇಕಿನ ಪುಡಿಯೂ ರಸ್ತೆಯ ಡಾಂಬರೂ ಸೇರಿಕೊಳ್ಳುತ್ತವೆ.

ಇವನ್ನು ಕಣ್ಣಿಗಿಂತ ಕೈ ಚೆನ್ನಾಗಿ ಕಂಡುಹಿಡಿಯುತ್ತದೆ. ಕಾರು ತಯಾರಿಕೆಯ ಬಣ್ಣದ ವಿಭಾಗದಲ್ಲಿ ದುಡಿಯುವ ಮಿತ್ರರೊಬ್ಬರು ನನಗೆ ಹೇಳಿಕೊಟ್ಟ ಪರೀಕ್ಷೆ ಇದು: ಕಾರನ್ನು ಚೆನ್ನಾಗಿ ತೊಳೆದ ಬಳಿಕ, ಮೈ ಇನ್ನೂ ಒದ್ದೆಯಿರುವಾಗಲೇ, ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬೆರಳ ತುದಿಗಳನ್ನು ಹಗುರವಾಗಿ ಬಣ್ಣದ ಮೇಲೆ ಆಡಿಸಬೇಕು. ಬರಿಗೈಗೆ ನಯವೆನಿಸಿದ್ದ ಮೈ ಆಗ ಚಿರೋಟಿ ರವೆ ಚೆಲ್ಲಿದಂತೆ ಒರಟಾಗಿ ತಾಗಿದರೆ, ತೊಳೆದರೆ ಹೋಗದ ಕಣಗಳು ಅಲ್ಲಿವೆ ಎಂದು ಅರ್ಥ. ಈ ಪರೀಕ್ಷೆಯನ್ನು ಒಂದೊಂದು ಭಾಗಕ್ಕೂ ಬೇರೆಬೇರೆಯಾಗಿ ಮಾಡಬೇಕು. ಮುಂದಿನ ಹೆಜ್ಜೆಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂಬುದನ್ನು ಇದೇ ನಿರ್ಧರಿಸುತ್ತದೆ.

ತೊಳೆಯುವುದು

ನೆರಳಿನಲ್ಲಿ, ಬಾನೆಟ್ಟು ಕೈಗೆ ತಣ್ಣಗೆ ಹತ್ತುವಾಗ ತೊಳೆಯಬೇಕು. ಬಿಸಿಯಾದ ಲೋಹದ ಮೇಲೆ ಸೋಪಿನ ನೀರು ಒಣಗಿ ಕಲೆ ಬಿಡುತ್ತದೆ. ಚಕ್ರಗಳನ್ನು ಬೇರೆ ಬಕೆಟ್ಟು, ಬೇರೆ ಬ್ರಷ್ಷಿನಿಂದ ಮೊದಲು ಮುಗಿಸುವುದು ಲೇಸು. ಅಲ್ಲಿನ ಬ್ರೇಕಿನ ಪುಡಿ ಬಣ್ಣದತ್ತ ಬರಬಾರದು. ಬಳಿಕ ಇಡೀ ಕಾರಿನ ಮೇಲೆ ನೀರು ಹರಿಸಿ, ಸಡಿಲವಾದ ಧೂಳು ತಾನಾಗಿ ಇಳಿದುಹೋಗಲು ಬಿಡಬೇಕು. ಮುಟ್ಟದೆ ಹೋಗುವ ಕೊಳೆಯೇ ಗೀರು ಬೀಳಿಸದೆ ಹೋಗುವ ಕೊಳೆ.

ಎರಡು ಬಕೆಟ್ಟು ಇಟ್ಟುಕೊಳ್ಳಬೇಕು: ಒಂದರಲ್ಲಿ ಕಾರಿನ ಶಾಂಪೂ ಬೆರೆತ ನೀರು, ಇನ್ನೊಂದರಲ್ಲಿ ಬರಿಯ ನೀರು. ಎರಡರ ತಳದಲ್ಲೂ ಮರಳು ಮೇಲೇಳದಂತೆ ತಡೆಯುವ ಪ್ಲಾಸ್ಟಿಕ್ ಜಾಲರಿ ಇದ್ದರೆ ಒಳ್ಳೆಯದು. ಮೈಕ್ರೋಫೈಬರಿನ ಅಥವಾ ಕುರಿಯುಣ್ಣೆಯ ಕೈಗವಸನ್ನು ಶಾಂಪೂ ನೀರಿನಲ್ಲಿ ಅದ್ದಿ ಒಂದು ಭಾಗವನ್ನು ತೊಳೆದ ಮೇಲೆ, ಬರಿಯ ನೀರಿನಲ್ಲಿ ಜಾಲಾಡಿ, ಆಮೇಲೆಯೇ ಮತ್ತೆ ಶಾಂಪೂವಿಗೆ ಅದ್ದಬೇಕು. ಚಾವಣಿಯಿಂದ ಆರಂಭಿಸಿ ಕೆಳಕ್ಕೆ ಬರಬೇಕು. ಬಾಗಿಲುಗಳ ಕೆಳಭಾಗ ಎಲ್ಲಕ್ಕಿಂತ ಕೊಳಕಾದುದರಿಂದ ಅದು ಕೊನೆಗೆ. ಕೈ ನೇರ ಗೆರೆಯಲ್ಲಿ ಆಡಬೇಕು, ಒತ್ತಬಾರದು.

ಒಣಗಿಸಲು ಸ್ನಾನದ ಟವೆಲು ಬೇಡ. ದೊಡ್ಡ ಮೈಕ್ರೋಫೈಬರ್ ಬಟ್ಟೆಯನ್ನು ಮೈಮೇಲೆ ಹಾಸಿ ಹಗುರವಾಗಿ ಎಳೆದುಕೊಂಡರೆ ನೀರನ್ನು ಅದೇ ಹೀರುತ್ತದೆ. ಗಡಸುನೀರಿನ ಬಿಳಿ ಉಂಗುರಗಳು ಉಳಿದಿದ್ದರೆ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಒಂದು ನಿಮಿಷ ಇಟ್ಟು ತೊಳೆದರೆ ಸುಣ್ಣದಂಶ ಕರಗುತ್ತದೆ. ಅಮೆರಿಕದ ಬಹುತೇಕ ಊರುಗಳಲ್ಲಿ ಬೀದಿಬದಿಯ ಮಳೆನೀರಿನ ಚರಂಡಿ ಶುದ್ಧೀಕರಣವಿಲ್ಲದೆ ಹೊಳೆ ಕೆರೆಗಳನ್ನು ಸೇರುತ್ತದೆ. ಆದುದರಿಂದ ಮನೆಯೆದುರಿನ ಇಳಿಜಾರಿನಲ್ಲಿ ತೊಳೆಯುವ ಬದಲು ನಾವೇ ತೊಳೆದುಕೊಳ್ಳಬಹುದಾದ ಬಾಡಿಗೆಯ ಕಟ್ಟೆಗಳಿಗೆ ಒಯ್ಯುವುದು ಸರಿಯಾದ ಕ್ರಮ.

ಕಬ್ಬಿಣ, ಡಾಂಬರು, ಅಂಟು

ಚೀಲದ ಪರೀಕ್ಷೆಯಲ್ಲಿ ಒರಟುತನ ಕಂಡರೆ ಉಜ್ಜುವುದಕ್ಕೆ ಮೊದಲು ಕರಗಿಸುವ ದಾರಿ ಹಿಡಿಯಬೇಕು. ಕಬ್ಬಿಣದ ಕಣಗಳಿಗೆಂದೇ ಸಿಗುವ ದ್ರಾವಣಗಳಲ್ಲಿ ಸಾಮಾನ್ಯವಾಗಿ ಥಯೋಗ್ಲೈಕೊಲೇಟ್ ಎಂಬ ಲವಣವಿರುತ್ತದೆ. ಕೂದಲು ಗುಂಗುರು ಮಾಡುವ ದ್ರಾವಣಗಳಲ್ಲೂ ಬಳಸುವ ಈ ಲವಣ ಕಬ್ಬಿಣದೊಡನೆ ಸೇರಿದಾಗ ನೇರಳೆ ಬಣ್ಣಕ್ಕೆ ತಿರುಗುತ್ತದೆ. ತೊಳೆದು ಶುಭ್ರವಾಯಿತೆಂದುಕೊಂಡ ಬಿಳಿ ಬಾಗಿಲಿನ ಮೇಲಿಂದ ನೇರಳೆ ಹನಿಗಳು ಇಳಿಯುವುದನ್ನು ಮೊದಲ ಸಲ ಕಂಡವರು ಬೆಚ್ಚುವುದುಂಟು. ಅದು ಬಣ್ಣ ಕರಗುತ್ತಿರುವುದಲ್ಲ, ಕಬ್ಬಿಣ ಕರಗುತ್ತಿರುವುದು. ತಂಪಾದ ಮೈಗೆ ಸಿಂಪಡಿಸಿ, ಮೂರರಿಂದ ಐದು ನಿಮಿಷ ಬಿಟ್ಟು, ಒಣಗುವ ಮೊದಲೇ ಧಾರಾಳವಾದ ನೀರಿನಿಂದ ತೊಳೆಯಬೇಕು. ವಾಸನೆ ಕಟುವಾದುದರಿಂದ ಗಾಳಿಯಾಡುವ ಜಾಗ ಬೇಕು. ಕೈಗೆ ರಬ್ಬರಿನ ಗವಸು ಬೇಕು.

ಬಾಗಿಲುಗಳ ಕೆಳಗೆ, ಹಿಂಬದಿಯ ಚಕ್ರಗಳ ಸುತ್ತ ಕಪ್ಪು ಚುಕ್ಕೆಗಳಾಗಿ ಕೂರುವುದು ಡಾಂಬರು. ಕಾರಿನ ಬಣ್ಣಕ್ಕೆ ತಕ್ಕುದೆಂದು ನಮೂದಿಸಿದ ಡಾಂಬರು ತೆಗೆಯುವ ದ್ರಾವಣವನ್ನು ಬಟ್ಟೆಗೆ ಹಾಕಿ, ಚುಕ್ಕೆಯ ಮೇಲೆ ಅರ್ಧ ನಿಮಿಷ ಒತ್ತಿಹಿಡಿದರೆ ಅದು ಮೆತ್ತಗಾಗಿ ಬಟ್ಟೆಗೆ ಬರುತ್ತದೆ. ಫಿಲಮ್ಮಿನ ಅಂಟಿಗೂ ಇದೇ ಉಪಾಯ. ಪೆಟ್ರೋಲು, ಥಿನ್ನರುಗಳನ್ನು ಬಳಸಬಾರದು, ಉಗುರಿನಿಂದ ಕೆರೆಯಲೂಬಾರದು. ಯಾವ ದ್ರಾವಣವನ್ನೇ ಆಗಲಿ ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸಬೇಕು. ಇದೆಲ್ಲ ಮುಗಿದ ಮೇಲೆ ಆ ಭಾಗಗಳನ್ನು ಶಾಂಪೂವಿನಿಂದ ಮತ್ತೊಮ್ಮೆ ತೊಳೆಯಬೇಕು.

ಕ್ಲೇ

ಕರಗಿಸುವ ಹೆಜ್ಜೆಯ ನಂತರ ಮತ್ತೆ ಚೀಲದ ಪರೀಕ್ಷೆ. ಇನ್ನೂ ಒರಟಾಗಿರುವ ಭಾಗಗಳಿಗೆ ಮಾತ್ರ ಕ್ಲೇ ಬಳಸಬೇಕು. ಕ್ಲೇ ಎಂದು ಕರೆಯುವ ಈ ವಸ್ತು ಜೇಡಿಮಣ್ಣಲ್ಲ. ಅತಿ ನುಣ್ಣನೆಯ ಉಜ್ಜುಪುಡಿ ಬೆರೆಸಿದ ಕೃತಕ ಮುದ್ದೆ. ಅದು ಬಣ್ಣದಿಂದ ಮೇಲಕ್ಕೆ ಚಾಚಿದ ಕಣಗಳನ್ನು ಕಿತ್ತು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಸಂತೆಯಲ್ಲಿ ಹಲವು ದರ್ಜೆಗಳಿವೆ. ಹೊಸ ಕಾರಿಗೆ ಎಲ್ಲಕ್ಕಿಂತ ನುಣುಪಾದ ದರ್ಜೆ ಸಾಕು.

ನಿಂಬೆಹಣ್ಣಿನ ಅರ್ಧದಷ್ಟು ಮುದ್ದೆಯನ್ನು ಪೂರಿಯ ಹಿಟ್ಟಿನಂತೆ ನಾದಿ, ಮೂರು ಬೆರಳಗಲದ ಬಿಲ್ಲೆಯಾಗಿ ತಟ್ಟಿಕೊಳ್ಳಬೇಕು. ಎರಡಡಿ ಚೌಕದಷ್ಟು ಜಾಗಕ್ಕೆ, ಕ್ಲೇಯೊಡನೆ ಕೊಡುವ ಜಾರುದ್ರವವನ್ನು ಧಾರಾಳವಾಗಿ ಸಿಂಪಡಿಸಿ, ಬಿಲ್ಲೆಯನ್ನು ಅದರ ಮೇಲೆ ತೇಲಿಸುವಂತೆ ನೇರ ಗೆರೆಗಳಲ್ಲಿ ಆಡಿಸಬೇಕು. ಮೊದಮೊದಲು ಕಣಗಳಿಗೆ ತಡೆದು ಕರಕರ ಸದ್ದು ಬರುತ್ತದೆ. ಸದ್ದು ನಿಂತು ಬಿಲ್ಲೆ ಸಲೀಸಾಗಿ ಜಾರಿದಾಗ ಆ ಜಾಗದ ಕೆಲಸ ಮುಗಿಯಿತು. ಬಿಲ್ಲೆಯಲ್ಲಿ ಕೊಳೆ ಕಂಡೊಡನೆ ಮಡಿಸಿ ನಾದಿ ಹೊಸ ಮುಖ ಮಾಡಿಕೊಳ್ಳಬೇಕು. ನೆಲಕ್ಕೆ ಬಿದ್ದ ಕ್ಲೇಯನ್ನು ಎಷ್ಟು ದುಬಾರಿಯಾದರೂ ಎಸೆಯಬೇಕು; ಅದರೊಳಗೆ ಹೊಕ್ಕ ಒಂದು ಮರಳಿನ ಕಾಳು ಇಡೀ ಬಾನೆಟ್ಟಿಗೆ ಗೀರೆಳೆಯಬಲ್ಲುದು.

ಎಷ್ಟೇ ಜಾಗರೂಕತೆಯಿಂದ ಬಳಸಿದರೂ ಕ್ಲೇ ನವಿರಾದ ಗುರುತುಗಳನ್ನು ಬಿಡಬಹುದು. ಕಪ್ಪು, ಕಡುನೀಲಿಯಂಥ ಗಾಢ ಬಣ್ಣಗಳಲ್ಲಿ ಅವು ಎದ್ದು ಕಾಣುತ್ತವೆ. ವರ್ಷಕ್ಕೊಮ್ಮೆ ತಪ್ಪದೆ ಇಡೀ ಕಾರಿಗೆ ಕ್ಲೇ ಆಡಿಸುವ ರೂಢಿಯನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ. ನನ್ನ ಕಾರಿನಲ್ಲಿ ಬಾನೆಟ್ಟು, ಚಾವಣಿ, ಡಿಕ್ಕಿಯ ಮುಚ್ಚಳ ಮಾತ್ರ ಒರಟಾಗಿದ್ದವು. ಬಾಗಿಲುಗಳಿಗೆ ಕ್ಲೇ ಮುಟ್ಟಿಸಲಿಲ್ಲ.

ಪಾಲಿಶ್ ಬೇಕೇ?

ಇಲ್ಲಿಯವರೆಗಿನ ಹೆಜ್ಜೆಗಳು ಹೊರಗಿನಿಂದ ಅಂಟಿದ್ದನ್ನು ತೆಗೆದವು. ಪಾಲಿಶ್ ಬಣ್ಣವನ್ನೇ ತೆಗೆಯುತ್ತದೆ. ಗೀರಿನ ಎರಡೂ ಬದಿಯ ಕ್ಲಿಯರ್ ಕೋಟನ್ನು ಗೀರಿನ ತಳದ ಮಟ್ಟಕ್ಕೆ ಸವೆಸುವುದೇ ಅದರ ವಿಧಾನ. ಹಾಗಾಗಿ ಅದನ್ನು ಕೈಗೆತ್ತಿಕೊಳ್ಳುವ ಮುನ್ನ ಯೋಚಿಸಬೇಕು.

ಬಿಸಿಲಿನಲ್ಲಿ ಅಥವಾ ದೀಪದ ಕೆಳಗೆ ಬೆಳಕಿನ ಬಿಂಬದ ಸುತ್ತ ಜೇಡರಬಲೆಯಂಥ ಗೆರೆಗಳು ಕಂಡಾಗ ಯಾರೋ ದುಂಡಗೆ ಉಜ್ಜಿದ್ದಾರೆಂದು ತೋರುತ್ತದೆ. ವಾಸ್ತವವಾಗಿ ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ. ಬಿಂಬಕ್ಕೆ ಅಡ್ಡಲಾಗಿರುವವು ಮಾತ್ರ ಬೆಳಕನ್ನು ನಮ್ಮ ಕಣ್ಣಿಗೆ ತಿರುಗಿಸುವುದರಿಂದ ವೃತ್ತಾಕಾರ ಮೂಡುತ್ತದೆ. ಗೀರಿನ ಮೇಲೆ ಉಗುರನ್ನು ಹಗುರವಾಗಿ ಆಡಿಸಿ ನೋಡಬೇಕು. ಉಗುರು ತಡೆದರೆ ಗೀರು ಆಳವಾದದ್ದು; ಕೈಯ ಪಾಲಿಶ್‌ನಿಂದ ಅದು ಹೋಗುವುದಿಲ್ಲ, ಹೋಗಿಸಲು ಹಟ ಹಿಡಿಯಲೂಬಾರದು. ತಡೆಯದಿದ್ದರೆ ನುಣುಪಾದ ಪಾಲಿಶನ್ನು ಫೋಮಿನ ಬಿಲ್ಲೆಗೆ ಬಟಾಣಿಯಷ್ಟು ಹಾಕಿ, ಒಂದಡಿ ಚೌಕದಲ್ಲಿ ಪ್ರಯೋಗಿಸಿ, ಒರೆಸಿ, ಬೆಳಕಿನಲ್ಲಿ ನೋಡಬೇಕು. ಸಾಕೆನಿಸಿದರೆ ಅಲ್ಲಿಗೆ ನಿಲ್ಲಿಸಬೇಕು. ಬಾಗಿಲು, ಬಾನೆಟ್ಟುಗಳ ಅಂಚಿನಲ್ಲೂ ಮೈಯ ಚೂಪಾದ ಮಡಿಕೆಗಳಲ್ಲೂ ಪದರ ಸಹಜವಾಗಿಯೇ ತೆಳು. ಅಲ್ಲಿಗೆ ಪಾಲಿಶ್ ಒಯ್ಯಬಾರದು. ಒರಟು ಕಾಂಪೌಂಡಿಗೆ ಹೊಸ ಕಾರಿನಲ್ಲಿ ಕೆಲಸವಿಲ್ಲ.

ಕೆಲವು ದ್ರವಗಳು ಗೀರನ್ನು ಸವೆಸದೆ ಎಣ್ಣೆ, ಮೇಣಗಳಿಂದ ತುಂಬಿ ಕಾಣದಂತೆ ಮಾಡುತ್ತವೆ. ನನ್ನ ಮೊದಲ ಮೇಣ ಮಾಡಿದ್ದೂ ಅದನ್ನೇ. ಹಾಗೆ ತುಂಬುವುದು ತಪ್ಪಲ್ಲ; ಗೀರು ಹೋಯಿತೆಂದು ನಂಬುವುದು ತಪ್ಪು.

ಕೊನೆಯ ಒರೆಸುವಿಕೆ ಮತ್ತು ಮೇಣ

ಪಾಲಿಶ್‌ನ ಎಣ್ಣೆ ಉಳಿದರೆ ಮೇಣ ಬಣ್ಣಕ್ಕೆ ಹತ್ತದೆ ಎಣ್ಣೆಗೆ ಹತ್ತುತ್ತದೆ. ಔಷಧದ ಅಂಗಡಿಯಲ್ಲಿ ಸಿಗುವ ಶೇಕಡ 70ರ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಪಾಲಿಗೆ ಮೂರು ಪಾಲು ಡಿಸ್ಟಿಲ್ಡ್ ನೀರು ಬೆರೆಸಿ, ಮೈಕ್ರೋಫೈಬರಿಗೆ ಸಿಂಪಡಿಸಿ ಹಗುರವಾಗಿ ಒರೆಸಿದರೆ ಎಣ್ಣೆ ಹೋಗಿ ಬಣ್ಣದ ನಿಜಸ್ಥಿತಿ ಕಾಣುತ್ತದೆ. ಪಾಲಿಶ್ ಮಾಡದಿದ್ದವರು ಕ್ಲೇಯ ಜಾರುದ್ರವ ಹೋಗುವಂತೆ ತೊಳೆದು ಒಣಗಿಸಿದರೆ ಸಾಕು. ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ಬಣ್ಣಗಾರರು ಬಳಸುವ ಅಂಟುಪಟ್ಟಿ ಹಚ್ಚಿ ಮುಚ್ಚಬೇಕು. ಅಲ್ಲಿ ಮೇಣ ಕೂತರೆ ಬಿಳಿ ಕಲೆಯಾಗಿ ಉಳಿಯುತ್ತದೆ.

ಇಷ್ಟಾದ ಮೇಲೆ ಮೇಣ. ಬ್ರೆಜಿಲ್‌ನ ಈಶಾನ್ಯ ಭಾಗದ ತಾಳೆಯ ಜಾತಿಯ ಮರದ ಎಲೆಯಿಂದ ಬರುವ ಕಾರ್ನೌಬಾ ಮೇಣವಾಗಲಿ, ಕೃತಕ ಸೀಲೆಂಟ್ ಆಗಲಿ, ತೆಳುವಾಗಿ ಹಚ್ಚುವುದೇ ಗುಟ್ಟು. ದಪ್ಪಗೆ ಬಳಿದರೆ ರಕ್ಷಣೆ ಹೆಚ್ಚುವುದಿಲ್ಲ. ಒರೆಸುವಾಗ ಹೆಚ್ಚು ಒತ್ತಬೇಕಾಗುತ್ತದೆ, ಆ ಒತ್ತಡವೇ ಹೊಸ ಗೀರಿಗೆ ಕಾರಣವಾಗುತ್ತದೆ.

ಊರಿಗೆ ತಕ್ಕ ಎಚ್ಚರ

ಮಿಶಿಗನ್‌ನಂಥ ಶೀತಪ್ರದೇಶಗಳಲ್ಲಿ ರಸ್ತೆಗೆ ಉಪ್ಪು ಬೀಳುವ ಮೊದಲು, ಅಕ್ಟೋಬರಿನ ಒಳಗೆ, ಹಗಲಿನ ಶಾಖ 10 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರುವಾಗ ಈ ಕೆಲಸ ಮುಗಿಸಬೇಕು. ಕೊಲ್ಲಿ ರಾಷ್ಟ್ರಗಳ ಓದುಗರಿಗೆ ಧೂಳೇ ಮುಖ್ಯ ಶತ್ರು. ಮರಳಿನಲ್ಲಿರುವ ಕ್ವಾರ್ಟ್ಜ್ ಕ್ಲಿಯರ್ ಕೋಟಿಗಿಂತ ಎಷ್ಟೋ ಪಟ್ಟು ಗಟ್ಟಿ. ಒಣಬಟ್ಟೆಯಿಂದ ಧೂಳು ಹೊಡೆಯುವುದು ಬಣ್ಣಕ್ಕೆ ಮರಳುಕಾಗದ ಆಡಿಸಿದಂತೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಒಂದೇ ಬಕೆಟ್ಟು, ಒಂದೇ ಬಟ್ಟೆಯಿಂದ ಸಾಲುಕಾರುಗಳನ್ನು ಬೆಳಗ್ಗೆ ಒರೆಸುವುದನ್ನು ನೋಡಿ ಬೆಳೆದ ನಮ್ಮಲ್ಲಿ ಹಲವರು ಆ ಅಭ್ಯಾಸವನ್ನು ಕಡಲು ದಾಟಿಸಿ ತಂದಿದ್ದೇವೆ. ಬಿಡಬೇಕಾದ ಅಭ್ಯಾಸಗಳಲ್ಲಿ ಇದು ಮೊದಲನೆಯದು.

ವಾಹನ ಪೂಜೆಯನ್ನಾಗಲಿ ಆಯುಧಪೂಜೆಯನ್ನಾಗಲಿ ಬಿಡಬೇಕಾಗಿಲ್ಲ. ಪೂಜೆಗೆ ಮೊದಲು ಬಾನೆಟ್ಟನ್ನು ತೊಳೆದಿರಬೇಕು. ಮರುದಿನ ಒರೆಸದೆ, ಮೊದಲು ನೀರು ಹರಿಸಿ ಅಕ್ಷತೆ, ಕುಂಕುಮಗಳು ತಾವಾಗಿ ಇಳಿಯಲು ಬಿಟ್ಟು, ಆಮೇಲೆ ಶಾಂಪೂವಿನ ಕೈಗವಸು ಮುಟ್ಟಿಸಬೇಕು. ಅರಿಶಿನದ ತಿಳಿಹಳದಿ ಉಳಿದರೆ ಉಜ್ಜಬೇಕಾಗಿಲ್ಲ. ಬಿಸಿಲಿಗೆ ಅದು ಮಾಸುವ ಬಣ್ಣ. ಮೈಗೆ ಸಿಡಿದ ನಿಂಬೆಯ ರಸವನ್ನು ಮಾತ್ರ ಅಂದೇ ತೊಳೆಯುವುದು ಒಳಿತು.

ಮೇಲಿನ ಕ್ರಮದಲ್ಲಿ ನನ್ನ ಕಾರನ್ನು ಅಣಿಗೊಳಿಸಲು ಒಂದು ಶನಿವಾರ ಪೂರ್ತಿ ಹಿಡಿಯಿತು. ಮೇಣಕ್ಕೆ ತಗುಲಿದ್ದು ಕೊನೆಯ ಒಂದು ಗಂಟೆ. ಬಾನೆಟ್ಟಿನ ಬೀಸಣಿಗೆಯ ಗೆರೆಗಳಿಗೆ ಎರಡು ಸಲ ಪಾಲಿಶ್ ಆಡಿಸಿದೆ. ಬಹುಪಾಲು ಮಾಸಿದವು; ಉಗುರಿಗೆ ತಡೆಯುವ ನಾಲ್ಕೈದು ಉಳಿದವು. ಮೂರನೆಯ ಸಲಕ್ಕೆ ಪಾಲಿಶ್ ಹಾಕಿದ ಬಿಲ್ಲೆಯನ್ನು ಕೈಯಲ್ಲಿ ಹಿಡಿದಿದ್ದೆ. ಆ ಗೆರೆಗಳು ಹೋಗಬೇಕಾದರೆ ಸುತ್ತಲಿನ ಇಡುಗಂಟೆಷ್ಟು ಕರಗಬೇಕೆಂದು ಲೆಕ್ಕ ಹಾಕಿ, ಬಿಲ್ಲೆಯನ್ನು ತೊಳೆದಿಟ್ಟೆ. ಓರೆಬಿಸಿಲಿನಲ್ಲಿ ಅವು ಈಗಲೂ ಕಾಣುತ್ತವೆ. ಅವುಗಳ ಸುತ್ತಲಿನ ಬಣ್ಣ ಗಟ್ಟಿಯಾಗಿದೆ.